ಶಿಕಾರಿಪುರ ಇಳಿಯೋರು ಯಾರ್ರೀ?

ರಜನಿ ಮನ್ಸೂರರನ್ನು ಮೊದಲು ನೋಡಿದ್ದು ಸಂಕ್ರಾಂತಿ ಕಳೆದ ವಾರ, ಶಿಕಾರಿಪುರದ ಖಾಸಗಿ ಬಸ್ ನಿಲ್ದಾಣದಲ್ಲಿ. ಬಿಸಿಲು ಆಗಷ್ಟೇ ಚುರುಕಾಗುತ್ತಿತ್ತು. ತಿಮ್ಮಮ್ಮನ ಚಹಾದಂಗಡಿಯ ಪಕ್ಕ ಸ್ಕೂಟಿ ನಿಲ್ಲಿಸಿ, ಹ್ಯಾಂಡಲ್ಲಿಗೆ ನೇತುಹಾಕಿದ್ದ ಹೊಸ ಕೆಂಪು ಬಕೆಟ್ಟನ್ನೂ ಮರೆತು ಅವಳು ನಿಲ್ದಾಣದೊಳಗೆ ಓಡಿದಳು. ಕಂಬವೊಂದಕ್ಕೆ ಬೆನ್ನು ಕೊಟ್ಟು ಒಬ್ಬರು ನಿಂತಿದ್ದರು. ಬೂದು ಬಣ್ಣದ ಅರ್ಧ ತೋಳಿನ ಅಂಗಿ, ಹೆಗಲ ಮೇಲೆ ಚೌಕಳಿ ಟವೆಲ್ಲು, ಮೆಹಂದಿ ಹಚ್ಚಿ ಕೆಂಪಾಗಿದ್ದ ಗಡ್ಡ. ಎಡಗೈಯಲ್ಲಿ ಚಹಾದ ಲೋಟ, ಬಲಗೈ ಗಾಳಿಯಲ್ಲಿ. "ಮಾಸೂರು, ರಟ್ಟೀಹಳ್ಳಿ, ರಾಣೆಬೆನ್ನೂರ್! ಮಾಸೂರು, ರಟ್ಟೀಹಳ್ಳಿ, ರಾಣೆಬೆನ್ನೂರ್!" ಆ ದನಿ ನಿಲ್ದಾಣದ ತಗಡಿನ ಚಾವಣಿಗೆ ಬಡಿದು ರಸ್ತೆಯ ಆಚೆಗೂ ಹೋಗುತ್ತಿತ್ತು. ಕೂಗಿನ ನಡುವೆ ಸಿಕ್ಕ ಬಿಡುವಿನಲ್ಲಿ ಅವರು ಚಹಾದ ಒಂದು ಗುಟುಕು ಹೀರುತ್ತಿದ್ದರು.

"ರೀ, ಇಲ್ಲಿ ಇಬ್ಬರು ವಯಸ್ಸಾದ ಹೆಂಗಸರು ಇಳಿದ್ರಾ? ಹುಬ್ಬಳ್ಳಿಯವರು. ಒಬ್ಬರಿಗೆ ದಪ್ಪ ಕನ್ನಡಕ."

"ನೀಲಿ ಚೀಲ. ಹಿಡಿಕೆಗೆ ಕೆಂಪು ದಾರ ಕಟ್ಟಿದ್ದು," ಎಂದರು ಮನ್ಸೂರ್.

"ಹೂಂ, ಅವರೇ! ಎಲ್ಲಿದಾರೆ?"

"ಚಿಂತೆ ಮಾಡ್ಬೇಡ್ರಿ ಮೇಡಂ. ಸಿರ್ಸಿ ಬಸ್ಸಿಗೆ ಹತ್ತಿಸಿ ಕಳ್ಸಿದೀನಿ. ಕಿಟಕಿ ಪಕ್ಕ ಸೀಟು. ಇಷ್ಟೊತ್ತಿಗೆ ಶಿರಾಳಕೊಪ್ಪದ ಹತ್ರ ಇರ್ತಾರೆ."

ಒಳ್ಳೆಯ ಕೆಲಸ ಮಾಡಿದ ಸಮಾಧಾನ ಅವರ ಮುಖದ ತುಂಬ ಇತ್ತು.

"ಅವರು ಸಿರ್ಸಿಗೆ ಹೊರಟವರಲ್ಲ ರೀ! ನಮ್ಮಲ್ಲಿಗೆ ಬಂದವರು. ಶಿಕಾರಿಪುರ ನೋಡೋಕೆ ಬಂದವರು!"

"ಅಜ್ಜಿನೂ ಅದೇ ಹೇಳಿದ್ರು," ಎಂದು ಮನ್ಸೂರ್ ನಕ್ಕರು. "ಯಾರೋ ತಪ್ಪು ಹೇಳಿ ಕಳ್ಸಿದಾರೆ ಅಂದ್ಕಂಡೆ. ಶಿಕಾರಿಪುರದಲ್ಲಿ ನೋಡೋಕೇನೈತೆ ಅಮ್ಮಾ, ಸಿರ್ಸಿಗೆ ಹೋಗಿ, ಮಾರಿಕಾಂಬಾ ಗುಡಿ ನೋಡಿ, ಸಹಸ್ರಲಿಂಗ ನೋಡಿ ಅಂತ ಹೇಳಿ ಚೀಲ ಹತ್ತಿಸ್ದೆ."

ಚೀಲ ಹತ್ತಿಸುವುದು ಬಸ್ ಏಜೆಂಟರ ರೂಢಿ. ಖಾಸಗಿ ಬಸ್ಸಿಗೆ ಜನ ಕೂಗಿ ತುಂಬಿಸುವುದು ಅವರ ಕೆಲಸ. ಹೋಗಲೋ ಬೇಡವೋ ಎಂದು ಅನುಮಾನಿಸುತ್ತ ನಿಂತವರ ಜೊತೆ ಅವರು ಹೆಚ್ಚು ಮಾತಾಡುವುದಿಲ್ಲ. ಪ್ರೀತಿಯಿಂದಲೇ ಕೈಯ ಚೀಲ ಇಸಿದುಕೊಂಡು ಬಸ್ಸಿನೊಳಗಿಟ್ಟು ಬರುತ್ತಾರೆ. ಚೀಲದ ಹಿಂದೆ ಅದರ ಯಜಮಾನರೂ ಹತ್ತುತ್ತಾರೆ. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ ಮೇಲಂತೂ ಖಾಸಗಿ ಬಸ್ಸಿನ ಸೀಟು ತುಂಬಿಸುವುದು ಕಷ್ಟವಾಗಿ, ಮನ್ಸೂರರ ಕೈ ಮೊದಲಿಗಿಂತ ಬೇಗ ಚೀಲದ ಕಡೆ ಹೋಗುತ್ತಿತ್ತು. ಅವತ್ತು ಸಾವಿತ್ರಿಬಾಯಿ ಎಂಬ ನಿವೃತ್ತ ಹೈಸ್ಕೂಲು ಮೇಡಂ ಮತ್ತು ಅವರ ತಂಗಿ, ತಮ್ಮ ನೀಲಿ ಚೀಲದ ಹಿಂದೆ ಹಾಗೆಯೇ ಹತ್ತಿ ಹೋಗಿದ್ದರು.

ಆ ಇಬ್ಬರು ಹೆಂಗಸರು ರಜನಿಯ ಮೊದಲ ಅತಿಥಿಗಳು. ಈಸೂರಿನ ರೈತ ಗೋಪಾಲಪ್ಪನ ಮಗಳಾದ ರಜನಿ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗಳು. ಇತಿಹಾಸದಲ್ಲಿ ಎಂ.ಎ. ಮುಗಿಸಿ ಬಂದಿದ್ದಳು. ಪೇಟೆಯಲ್ಲಿ ಗೋಪಾಲಪ್ಪ ಕಟ್ಟಿಸಿದ್ದ ಮಳಿಗೆಯ ಮೇಲೆ ಎರಡು ಕೋಣೆಗಳು ಖಾಲಿ ಇದ್ದವು. ಗೊಬ್ಬರದಂಗಡಿಯವರೊಬ್ಬರು ಅವನ್ನು ಗೋದಾಮಿಗೆ ಕೇಳುತ್ತಿದ್ದರು. ರಜನಿ, "ಅಪ್ಪಾ, ನನಗೆ ಕೊಡು. ಊರು ನೋಡೋಕೆ ಬರೋರಿಗೆ ಉಳಿಯೋ ಜಾಗ ಮಾಡ್ತೀನಿ," ಎಂದು ಹಟ ಹಿಡಿದಳು. "ಈ ಊರಿಗೆ ನೋಡೋಕೆ ಯಾರವ್ವಾ ಬರ್ತಾರೆ?" ಎಂದು ಗೋಪಾಲಪ್ಪ ಕೇಳಿದರೂ ಮಗಳ ಮುಖ ನೋಡಿ ಯುಗಾದಿಯವರೆಗೆ ಸಮಯ ಕೊಟ್ಟಿದ್ದರು. ಅಷ್ಟರೊಳಗೆ ಜನ ಬಂದು ಉಳಿದರೆ ಸರಿ. ಇಲ್ಲವಾದರೆ ಮಂಚ ಇಳಿಸಿ ಗೊಬ್ಬರದ ಮೂಟೆ ಏರಿಸುವುದು. ಸಾವಿತ್ರಿಬಾಯಿಯವರದು ಪ್ರತಿ ಚಳಿಗಾಲ ಊರೂರು ತಿರುಗುವ ನಿವೃತ್ತ ಮಾಸ್ತರರ ಗುಂಪು. ಅವರು ಮೆಚ್ಚಿದರೆ ಹಿಂದೆ ಇಡೀ ಗುಂಪು ಬರುವುದಿತ್ತು. ಅವರಿಗಾಗಿ ಹೊಸ ಬಕೆಟ್ಟು ತರಲು ಹೋಗಿಯೇ ರಜನಿಗೆ ತಡವಾಗಿತ್ತು.

"ನೀವು ಕಳ್ಸಿದ್ದು ನನ್ನ ಎರಡು ಕೋಣೆ ರೀ," ಎಂದಳು ರಜನಿ. ಕಣ್ಣು ತುಂಬಿತ್ತು. ಅಳಬಾರದೆಂದು ಚಾವಣಿ ನೋಡಿದಳು.

ಮನ್ಸೂರರ ನಗು ನಿಂತಿತು. ಲೋಟ ಕೆಳಗಿಟ್ಟು ಫೋನು ತೆಗೆದರು. "ಯತೀಶಾ, ನೀಲಿ ಚೀಲದ ಅಜ್ಜಿನ ಇಳ್ಸಪ್ಪಾ. ವಾಪಸ್ ಬಸ್ಸಿಗೆ ಹತ್ತಿಸು."

ಸಿರ್ಸಿ ಬಸ್ಸಿನ ಕಂಡಕ್ಟರ್ ಯತೀಶ ಸೊರಬದ ಹುಡುಗ. ಅವನ ಉತ್ತರ ಪಕ್ಕದಲ್ಲಿದ್ದ ರಜನಿಗೂ ಕೇಳಿಸಿತು. "ಈಗ ಹೇಳಿದ್ರೆ ಹೆಂಗೆ ಮಾರಾಯ್ರೆ? ನಾನಾಗ್ಲೇ ಸೊರಬ ಇಳಿಯೋಕೆ ಒಪ್ಸಿ ಆಯ್ತಲ. ನಾಳೆ ಚಂದ್ರಗುತ್ತಿ ತೋರಿಸ್ತೀನಿ ಅಂದಿದೀನಿ. ಇವತ್ತು ಉಳವಿಲಿ ನಮ್ಮತ್ತೆ ಮನೆ."

ರಜನಿ ಫೋನು ಇಸಿದುಕೊಂಡು ತನ್ನ ಹೆಸರು ಹೇಳಿದಳು. ಆ ಕಡೆಯ ಫೋನು ಸಾವಿತ್ರಿಬಾಯಿಯವರ ಕೈಗೆ ಹೋಯಿತು. "ಇರ್ಲಿ ಬಿಡವಾ ರಜನಿ," ಎಂದರು ಅವರು ಬಸ್ಸಿನ ಸದ್ದಿಗಿಂತ ಜೋರಾಗಿ. "ನಿಮ್ಮೂರಿನವರ ನಿಮ್ಮೂರಾಗ ಏನೂ ಇಲ್ಲ ಅಂತ ಹೇಳಿದ ಮ್ಯಾಲೆ ನಾವೇನ್ ಮಾಡೂದು? ತಿರುಗಿ ಬರೂಮುಂದ ಅಲ್ಲೇ ಬಸ್ ಬದಲಿಸ್ತೀವಿ. ಆವಾಗ ಬೇಕಾದ್ರ ಮಾರಿ ನೋಡಿ ಹೋಗ್ತೀವಿ."

ಮುಖ ನೋಡಿ ಹೋಗುತ್ತಾರಂತೆ. ರಜನಿ ಕೆಂಪು ಬಕೆಟ್ಟಿನ ಜೊತೆ ಮನೆಗೆ ವಾಪಸಾದಳು.

ಮರುದಿನ ಬೆಳಿಗ್ಗೆ ಅವಳು ಮತ್ತೆ ನಿಲ್ದಾಣಕ್ಕೆ ಬಂದಳು. ಜಗಳ ಮಾಡಬೇಕೆಂದೇ ಬಂದಿದ್ದಳು. ಮನ್ಸೂರ್ ಅವಳಿಗೆ ಚಹಾ ಹೇಳಿ, ಬೆಂಚು ತೋರಿಸಿ, ತಾವು ನಿಂತೇ ಮಾತಾಡಿದರು.

"ನನ್ನ ಮೇಲೆ ಸಿಟ್ಟಾಗು ತಂಗೀ, ಪರವಾಗಿಲ್ಲ. ಆದ್ರೆ ನಿಜ ಹೇಳು. ನೋಡೋ ಊರು ಅಂದ್ರೆ ಏನು? ಜಲಪಾತ ಇರ್ಬೇಕು. ಇಲ್ಲಾ ಸಮುದ್ರ ಇರ್ಬೇಕು. ನಮ್ಮಲ್ಲಿ ಎರಡೂ ಇಲ್ಲ."

"ಹುಚ್ಚರಾಯನ ಕೆರೆ ಇಲ್ವಾ?"

"ಕೆರೆ ಯಾವೂರಲ್ಲಿಲ್ಲ?"

"ಬಳ್ಳಿಗಾವಿ? ತಾಳಗುಂದ? ಉಡುಗಣಿ? ನಮ್ಮ ಈಸೂರು? ಬ್ರಿಟಿಷರ ಕಾಲದಲ್ಲೇ ನಮಗೆ ನಾವೇ ಸರ್ಕಾರ ಅಂದ ಊರು ರೀ ಅದು."

"ಕಲ್ಲು ನೋಡೋಕೆ ಹುಬ್ಳಿಯಿಂದ ಬರ್ತಾರಾ? ಇನ್ನು ಈಸೂರಿಗೆ ಬಂದ್ರೆ ನಿಮ್ಮಪ್ಪನ ಭತ್ತದ ಗದ್ದೆ ನೋಡ್ಬೇಕು."

"ನೀವು ಬಳ್ಳಿಗಾವಿ ನೋಡಿದೀರಾ?"

ಮನ್ಸೂರ್ ಗಡ್ಡ ಸವರಿಕೊಂಡರು. "ದಿನಾ ಕೂಗ್ತೀನಿ."

"ಕೂಗೋದಲ್ಲ. ನೋಡಿದೀರಾ?"

"ಚಿಕ್ಕವನಿದ್ದಾಗ ಅಬ್ಬಾ ಜೊತೆ ಹೋಗಿದ್ದೆ. ಗುಡಿ ಕಡೆ ಹೋಗ್ಲಿಲ್ಲ. ಊರಿನ ಹಂಡೆಗೆಲ್ಲ ಕಲಾಯಿ ಹಾಕಿ ಬಂದ್ವಿ."

ಪಾತ್ರೆ ತೊಳೆಯುತ್ತಿದ್ದ ತಿಮ್ಮಮ್ಮ ನಗುತ್ತ ಅಂದಳು, "ಅಯ್ಯೋ, ಬುಡವ್ವಾ. ಈ ಮನ್ಸೂರಣ್ಣಂಗೆ ಮದುವೆ ಆದ ಹೊಸದ್ರಲ್ಲಿ ರಾಬಿಯಾ ಎಲ್ಲಾದ್ರೂ ಕರ್ಕಂಡು ಹೋಗಿ ಅಂದ್ರೆ, ಇದೇ ಬೆಂಚಿನ ಮೇಲೆ ತಂದು ಕೂರ್ಸಿ ಬಸ್ಸು ತೋರ್ಸಿದ್ರು!"

"ಚಹಾ ಕುಡಿಸಿದ್ದೆ," ಎಂದರು ಮನ್ಸೂರ್.

"ಅದ್ರ ಕಾಸು ನಂಗಿನ್ನೂ ಬಂದಿಲ್ಲ!"

ನಗುವಿನ ನಡುವೆ ರಜನಿ ಅವರ ಕಥೆಯನ್ನು ಸ್ವಲ್ಪ ಸ್ವಲ್ಪವಾಗಿ ತಿಳಿದುಕೊಂಡಳು. ಮನ್ಸೂರರ ತಂದೆ ಕಲೀಂ ಸಾಹೇಬರು ಹಳ್ಳಿ ಹಳ್ಳಿ ತಿರುಗಿ ತಾಮ್ರ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಓಣಿಗೆ ಬಂದೊಡನೆ ಮನೆ ಮನೆಯ ಹೆಂಗಸರನ್ನು ಕೂಗಿ ಕರೆಯುವುದು ಮಗನ ಪಾಲಿನ ಕೆಲಸವಾಗಿತ್ತು. ಸ್ಟೀಲು ಬಂದು ಕಲಾಯಿ ಹೋಯಿತು. ಉಳಿದದ್ದು ಆ ಗಂಟಲೊಂದು. ಅದನ್ನೇ ನಂಬಿ ಅವರು ಬಸ್ ನಿಲ್ದಾಣಕ್ಕೆ ಬಂದರು. ಆ ಗಂಟಲಿನಿಂದಲೇ ಮನೆ ಕಟ್ಟಿಸಿದರು, ಮಗಳು ಆತಿಫಾಳನ್ನು ನರ್ಸಿಂಗ್ ಓದಿಸಿದರು. ದಾವಣಗೆರೆ, ಶಿವಮೊಗ್ಗ, ಸಾಗರ, ಸಿರ್ಸಿ, ಹೀಗೆ ಸುತ್ತಲಿನ ಊರುಗಳ ಹೆಸರು ಅವರ ನಾಲಿಗೆಯ ಮೇಲೆ ಸವೆದು ನುಣುಪಾಗಿದ್ದವು. ಶಿಕಾರಿಪುರದ ಹೆಸರನ್ನು ಮಾತ್ರ ಅವರು ಒಂದು ದಿನವೂ ಕೂಗಿರಲಿಲ್ಲ. ಇದ್ದ ಊರಿನ ಹೆಸರನ್ನು ಯಾವ ಏಜೆಂಟ್ ಕೂಗುತ್ತಾನೆ?

ಅವರ ಮಾತು ಮುಗಿಯುವ ಮೊದಲೇ ಸಿರ್ಸಿಯಿಂದ ಬಂದ ಬಸ್ಸು ನಿಂತಿತು. ಯತೀಶ ಬಾಗಿಲಲ್ಲಿ ನೇತಾಡುತ್ತ ಕೂಗಿದ, "ಶಿಕಾರಿಪುರ ಇಳಿಯೋರು ಯಾರ್ರೀ? ಬೇಗ ಇಳೀರಿ, ಇಲ್ಲಿ ನೋಡೋಕೇನೂ ಇಲ್ವಂತೆ!"

"ಬಂದ ನೋಡು ಸೊರಬದ ವಕೀಲ," ಎಂದಳು ತಿಮ್ಮಮ್ಮ.

"ಅಜ್ಜಿಯರು ಆರಾಮಾಗಿದಾರೆ ಮಾರಾಯ್ರೆ," ಎಂದು ಯತೀಶ ಬೆಂಚಿನ ತುದಿಗೆ ಕೂತ. "ನಮ್ಮತ್ತೆ ಕಡುಬು ಮಾಡಿದ್ರು. ಇವತ್ತು ಚಂದ್ರಗುತ್ತಿ ಗುಡ್ಡ ಹತ್ತೋಕೆ ಹೋದ್ರು. ನಾಳೆ ನನ್ನ ಬಸ್ಸಲ್ಲೇ ವಾಪಸ್ ಬರ್ತಾರೆ. ಮಳೆಗಾಲದಲ್ಲಿ ಬಂದ್ರೆ ಗುಡವಿಲಿ ಹಕ್ಕಿ ತೋರಿಸ್ತೀನಿ ಅಂದೆ. ಹಕ್ಕಿಗಳೂ ದೂರದಿಂದ ಹಾರಿ ಬಂದು ನಮ್ಮ ತಾಲ್ಲೂಕಲ್ಲೇ ಉಳಿಯೋದು. ನಿಮ್ಮೂರಿಗೆ ಕಾಗೆ ಬಿಟ್ರೆ ಯಾವ್ದು ಬರುತ್ತೆ ಹೇಳಿ?"

"ನಿಮ್ಮ ತಾಲ್ಲೂಕಿನ ಹೆಸರು ಪ್ರಪಂಚಕ್ಕೆಲ್ಲ ಗೊತ್ತು ಬಿಡು," ಎಂದಳು ರಜನಿ. "ಕ್ಯಾಸನೂರಿನ ಮಂಗನ ಕಾಯಿಲೆಯಿಂದ."

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಯತೀಶನೂ ನಕ್ಕ. ಆದರೆ ಅವನು ಎದ್ದು ಹೋಗುವಾಗ ಹೇಳಿದ ಮಾತಿಗೆ ಯಾರೂ ನಗಲಿಲ್ಲ. "ಹೌದು ಅಕ್ಕಾ, ನಮ್ಮಲ್ಲಿ ಕಾಯಿಲೆನೂ ಇದೆ. ಆದ್ರೆ ನಮ್ಮೂರು ನೋಡ್ತೀನಿ ಅಂತ ಬಂದವರ ಚೀಲ ಇಸ್ಕೊಂಡು ನಾವು ಬೇರೆ ಊರಿನ ಬಸ್ಸಿಗೆ ಹಾಕಲ್ಲ. ಮನೆಗೆ ತಗೊಂಡು ಹೋಗ್ತೀವಿ."

ರಾಣೆಬೆನ್ನೂರಿನ ಬಸ್ಸು ಬಂದು ನಿಂತಿತ್ತು. ಮನ್ಸೂರ್ ಅದರ ಕಡೆ ನಡೆದರು, ಕೂಗಿದರು. ಆ ಕೂಗಿನಲ್ಲಿ ಎಂದಿನ ಬಿರುಸು ಇರಲಿಲ್ಲ ಎಂದು ರಜನಿಗೆ ಅನ್ನಿಸಿತು. ಅವಳು ಹೊರಡುವಾಗ ಅವರು ಹತ್ತಿರ ಬಂದು, "ನಾಳೆ ಅವರು ಬಂದಾಗ ನೀನು ಬಾಯಿ ಬಿಡ್ಬೇಡ ತಂಗೀ. ಕಳ್ಸಿದ್ದು ನಾನು. ಮಾತಾಡೋದೂ ನಾನೇ," ಎಂದರು.

ಮರುದಿನ ಮಧ್ಯಾಹ್ನ ಯತೀಶನ ಬಸ್ಸು ಒಳಗೆ ಬರುವ ಹೊತ್ತಿಗೆ ರಾಣೆಬೆನ್ನೂರಿನ ಬಸ್ಸು ಹೊರಡಲು ಸಿದ್ಧವಾಗಿ ಹಾರ್ನು ಹಾಕುತ್ತಿತ್ತು. ಸಾವಿತ್ರಿಬಾಯಿ ತಂಗಿಯ ಕೈ ಹಿಡಿದು ಇಳಿದರು. ದಪ್ಪ ಕನ್ನಡಕ, ಇಳಕಲ್ ಸೀರೆ, ಕಾಲಲ್ಲಿ ಬಿಳಿ ಕ್ಯಾನ್ವಾಸ್ ಬೂಟು. ಅವರ ಹಿಂದೆ ನೀಲಿ ಚೀಲ ಇಳಿಯುವ ಮೊದಲೇ ಮನ್ಸೂರರ ಕೈ ಅದರ ಹಿಡಿಕೆ ಹಿಡಿದಿತ್ತು.

"ಏ ತಮ್ಮಾ!" ಎಂದರು ಸಾವಿತ್ರಿಬಾಯಿ. "ಅವತ್ತೂ ನನ್ನ ಚೀಲ ನೀನ ಒಯ್ದಿ, ಇವತ್ತೂ ನೀನ ಹಿಡದೀ. ಎಲ್ಲಿಗೆ ಕಳಸ್ತೀ ಈ ಸಲ?"

"ಎಲ್ಲಿಗೂ ಇಲ್ಲಮ್ಮಾ. ಇವತ್ತು ಇಲ್ಲೇ ಉಳೀರಿ."

"ಇಲ್ಲೇ? ನಿಮ್ಮೂರಾಗ ಏನೂ ಇಲ್ಲ ಅಂದವ ನೀನ ಅಲ್ಲೇನು? ಎರಡು ದಿನದಾಗ ಏನ್ ಹುಟ್ಟಿತಪಾ ಇಲ್ಲಿ?"

ರಾಣೆಬೆನ್ನೂರಿನ ಬಸ್ಸಿನ ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ, "ಮನ್ಸೂರಣ್ಣಾ, ಚೀಲ ಹಾಕು, ಟೈಮಾತು," ಎಂದ. ರಜನಿ ಸ್ಕೂಟಿಯ ಪಕ್ಕ ನಿಂತಿದ್ದಳು. ಇತಿಹಾಸದ ನೂರು ಮಾತು ಅವಳ ಬಾಯಿಗೆ ಬಂದವು. ಮನ್ಸೂರ್ ಹೇಳಿದ್ದು ನೆನೆದು ನುಂಗಿಕೊಂಡಳು.

ಮನ್ಸೂರ್ ಚೀಲವನ್ನು ನೆಲಕ್ಕಿಡಲಿಲ್ಲ. "ನಿಜ ಹೇಳ್ತೀನಮ್ಮಾ. ಇಲ್ಲಿ ಏನೈತೆ ಅಂತ ನನಗೆ ಗೊತ್ತಿಲ್ಲ. ವಯಸ್ಸೆಲ್ಲ ಬೇರೆ ಊರಿನ ಹೆಸರು ಕೂಗಿ ಕಳೀತು. ನಮ್ಮೂರಿನದು ನೋಡಿಲ್ಲ. ನೋಡ್ದೆನೇ ಇಲ್ಲ ಅಂದ್ಬಿಟ್ಟೆ. ಅದು ತಪ್ಪು. ನೀವು ಟೀಚರಂತೆ. ಒಂದಿನ ಉಳಿದು ಪರೀಕ್ಷೆ ಮಾಡಿ. ಫೇಲ್ ಅಂದ್ರೆ ನಾಳೆ ಇದೇ ಬಸ್ಸಿಗೆ ಇದೇ ಚೀಲ ನಾನೇ ಹತ್ತಿಸ್ತೀನಿ."

ಸಾವಿತ್ರಿಬಾಯಿ ಕನ್ನಡಕ ಮೇಲೇರಿಸಿ ಅವರನ್ನು ನೋಡಿದರು. ಮೂವತ್ತು ವರ್ಷ ಪರೀಕ್ಷೆ ಮಾಡಿಯೇ ಬದುಕಿದವರು ಅವರು. ಪರೀಕ್ಷೆ ಎಂಬ ಮಾತು ಕಿವಿಗೆ ಬಿದ್ದದ್ದೇ ಬೆನ್ನು ನೆಟ್ಟಗಾಯಿತು.

"ಕಾಪಿ ಹೊಡೆಯೂ ಹಂಗಿಲ್ಲ," ಎಂದರು. "ಹೊಸಾ ಬಸ್ ಸ್ಟ್ಯಾಂಡು, ಹೊಸಾ ರಸ್ತಾ ತೋರಿಸಿ ಪಾಸ್ ಆಗೂ ಹಂಗಿಲ್ಲ. ಮತ್ತ ನೀನೂ ಜೊತಿಗೆ ಬರಬೇಕು."

"ನಾನಾ? ನಾಳೆ ಡ್ಯೂಟಿ ಐತಮ್ಮಾ."

"ನಾ ಕೂಗ್ತೀನಿ ಬಿಡಣ್ಣಾ!" ಎಂದು ತಿಮ್ಮಮ್ಮ ಚಹಾದಂಗಡಿಯಿಂದಲೇ ದನಿ ಎತ್ತಿದಳು. "ಮಾಸೂರು, ರಟ್ಟೀಹಳ್ಳಿ! ಇಷ್ಟು ವರ್ಷದಿಂದ ಕೇಳಿ ಕೇಳಿ ಬಾಯಿಪಾಠ ಆಗೈತೆ."

ರಾಣೆಬೆನ್ನೂರಿನ ಬಸ್ಸು ಚೀಲವಿಲ್ಲದೆ ಹೋಯಿತು.

ಅಂದು ಸಂಜೆ ರಜನಿ ಅತಿಥಿಗಳನ್ನು ಹುಚ್ಚರಾಯನ ಕೆರೆಯ ಏರಿಯ ಮೇಲೆ ನಡೆಸಿದಳು. ಮರುದಿನ ಬೆಳಿಗ್ಗೆ ನಾಲ್ವರೂ ಬಳ್ಳಿಗಾವಿಗೆ ಹೋದರು. ಅಲ್ಲಿ ರಜನಿ ತಡೆದಿಟ್ಟ ಮಾತನ್ನೆಲ್ಲ ಬಿಟ್ಟಳು. ಕೇದಾರೇಶ್ವರ ಗುಡಿಯ ಮುಂದೆ ಅರಸರ ಹೆಸರು, ಇಸವಿ, ಕಂಬದ ಮಾದರಿ, ಮತ್ತೆ ಇಸವಿ. ಸಾವಿತ್ರಿಬಾಯಿಯವರ ತಂಗಿ ತಣ್ಣನೆಯ ಕಲ್ಲುಕಟ್ಟೆಯ ಮೇಲೆ ಕೂತು ಕಣ್ಣು ಮುಚ್ಚಿಬಿಟ್ಟರು. ಸಾವಿತ್ರಿಬಾಯಿ ಎರಡು ಸಲ ಆಕಳಿಸಿದರು. ಕೋಣೆಗಳು ಕೈಬಿಟ್ಟು ಹೋಗುತ್ತಿರುವುದು ರಜನಿಯ ಕಣ್ಣಿಗೇ ಕಾಣುತ್ತಿತ್ತು.

"ಬಿಡು ತಂಗೀ, ರಾಜರು ಹೋದ್ರು," ಎಂದರು ಮನ್ಸೂರ್ ಮೆಲ್ಲಗೆ. "ಇಲ್ಲಿ ಜನ ಏನ್ ಮಾಡ್ತಿದ್ರು? ಅದನ್ನ ಹೇಳು."

ರಜನಿ ನಿಂತು ಯೋಚಿಸಿದಳು. ಆಮೇಲೆ ಕೋಡಿಮಠದ ಶಾಸನದ ಮಾತು ಹೇಳಿದಳು. ಈ ಗುಡಿಗೆ ಸೇರಿದ ಮಠವೊಂದಿತ್ತು. ಬಡವರು, ಕುರುಡರು, ಕಿವುಡರು, ನಡೆಯಲಾರದವರು, ಹಾಡುವವರು, ಕುಣಿಯುವವರು, ಎಲ್ಲಿಂದಲೋ ಬಂದ ಭಿಕ್ಷುಗಳು, ಯಾರೇ ಬರಲಿ, ಅವರಿಗೆ ಅಲ್ಲಿ ಊಟವಿತ್ತು. ಕಾಯಿಲೆ ಬಿದ್ದವರಿಗೆ ಔಷಧಿಯಿತ್ತು. ಹಾಗೆಂದು ಕಲ್ಲಿನಲ್ಲಿ ಬರೆಸಿಟ್ಟಿದ್ದಾರೆ.

"ಯಾರ್ ಬಂದ್ರೂ?" ಎಂದರು ಮನ್ಸೂರ್.

"ಯಾರ್ ಬಂದ್ರೂ."

ಅವರು ಟವೆಲ್ಲಿನಿಂದ ಕತ್ತು ಒರೆಸಿಕೊಂಡು ಅಂಗಳದ ಸುತ್ತ ನೋಡಿದರು. ಅವರು ಜನ ತುಂಬಿದ ನಿಲ್ದಾಣವನ್ನು ನೋಡುವ ನೋಟ ಅದು. "ಅಂದ್ರೆ ಬಸ್ಸೇ ಇಲ್ಲದ ಕಾಲದಲ್ಲಿ ಜನ ನಡ್ಕೊಂಡು ಬಂದು ಇಲ್ಲಿ ಇಳೀತಿದ್ರು. ಮುಂದೆ ಹೋಗಿ ಅಂತ ಯಾರೂ ಹೇಳ್ತಿರ್ಲಿಲ್ಲ. ಕೂರಿ, ಊಟ ಮಾಡಿ ಅಂತಿದ್ರು. ನಾನು ಹುಬ್ಳಿಯಿಂದ ಬಂದ ಅಜ್ಜಿಗೆ ಒಂದು ಲೋಟ ನೀರು ಬೇಕಾ ಅಂತ ಸಹ ಕೇಳ್ಲಿಲ್ಲ."

ಸಾವಿತ್ರಿಬಾಯಿ ಈಗ ಆಕಳಿಸಲಿಲ್ಲ. ಎದ್ದು ಹೋಗಿ ಕಂಬವೊಂದನ್ನು ಮುಟ್ಟಿ ನೋಡಿದರು.

ಹೊರಗೆ ಬಂದು ಗಂಡಭೇರುಂಡದ ಎತ್ತರದ ಕಂಬದ ಮುಂದೆ ನಿಂತಾಗ ಮನ್ಸೂರರಿಗೆ ತಡೆಯಲಾಗಲಿಲ್ಲ. "ಅರೆ! ಎರಡು ತಲೆ ಹಕ್ಕಿ! ಇದು ಸರ್ಕಾರಿ ಬಸ್ಸಿನ ಮೇಲಿರೋದಲ್ವಾ? ನನ್ನ ಹೊಟ್ಟೆ ಮೇಲೆ ಹೊಡೆದಿರೋ ಹಕ್ಕಿ ಇಲ್ಲೂ ಮೊದಲೇ ಬಂದು ಕೂತೈತಲ್ಲ!"

ಸಾವಿತ್ರಿಬಾಯಿ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಮಧ್ಯಾಹ್ನ ಈಸೂರಿನಲ್ಲಿ ಗೋಪಾಲಪ್ಪನ ಮನೆಯಲ್ಲಿ ರೊಟ್ಟಿ ಊಟ. ಸಂಜೆ ನಿಲ್ದಾಣಕ್ಕೆ ಬಂದು, ತಿಮ್ಮಮ್ಮನ ಬೆಂಚಿನ ಮೇಲೆ ಕೂತು ಅವರು ಫಲಿತಾಂಶ ಹೇಳಿದರು. ಬಸ್ಸು ನಿಲ್ಲಿಸಿದ್ದ ಯತೀಶನೂ ಬಂದು ನಿಂತಿದ್ದ.

"ಕೆರಿ ಏರಿ ಫಸ್ಟ್ ಕ್ಲಾಸ್. ಬಳ್ಳಿಗಾವಿಗೆ ಅದಕ್ಕಿಂತ ಹೆಚ್ಚು. ರೊಟ್ಟಿ ನಮ್ಮ ಕಡೆಯಷ್ಟು ತೆಳ್ಳಗಿಲ್ಲ, ಸೆಕೆಂಡ್ ಕ್ಲಾಸ್. ಇಸವಿ ಹೇಳೂದ್ರಾಗ ಮಾತ್ರ ರಜನಿ ಫೇಲ್. ಒಂದು ಗುಡಿಗೆ ಒಂದ ಇಸವಿ ಸಾಕವಾ, ಹತ್ತು ಬ್ಯಾಡ."

"ಒಟ್ಟು?" ಎಂದಳು ರಜನಿ.

"ಊರು ಪಾಸು. ಮುಂದಿನ ತಿಂಗಳು ನಮ್ಮ ಗುಂಪು ಕರಕೊಂಡು ಬರ್ತೀನಿ. ಎರಡು ರಾತ್ರಿ ಉಳೀತೀವಿ. ಆದ್ರ ಸೊರಬಾನೂ ಪಾಸು ಮತ್ತ. ಅಲ್ಲಿಗೂ ಹೋಗ್ತೀವಿ."

"ಹಕ್ಕಿ ವಿಷಯದಲ್ಲಿ ಸೊರಬನೇ ಫಸ್ಟು ಅಲ್ವಾ ಅಜ್ಜಿ?" ಎಂದ ಯತೀಶ.

"ನಿಮ್ಮ ಹಕ್ಕಿ ಮಳೆ ಮುಗಿದ್ರೆ ಹಾರಿ ಹೋಗ್ತವೆ ಕಣಯ್ಯಾ," ಎಂದರು ಮನ್ಸೂರ್ ಎದೆ ಎತ್ತಿ. "ನಮ್ಮ ಹಕ್ಕಿ ಕಂಬ ಹತ್ತಿ ಸಾವಿರ ವರ್ಷ ಆಗ್ತಾ ಬಂತು. ಇನ್ನೂ ಇಳಿದಿಲ್ಲ. ಊರು ಹಿಡಿಸದೆ ಕೂರುತ್ತಾ?"

ಸಾವಿತ್ರಿಬಾಯಿಯವರ ಗುಂಪು ಹೇಳಿದಂತೆ ಬಂತು. ಕೋಣೆ ಸಾಲದೆ ಇಬ್ಬರು ಮಾಸ್ತರರು ಗೋಪಾಲಪ್ಪನ ಈಸೂರಿನ ಮನೆಯಲ್ಲಿ ಮಲಗಿದರು. ಯುಗಾದಿಗೆ ಗೊಬ್ಬರದಂಗಡಿಯವರು ಬಂದಾಗ ಗೋಪಾಲಪ್ಪ ಅವರಿಗೆ ಬೇವು ಬೆಲ್ಲ ಕೊಟ್ಟು, ಕೋಣೆ ಖಾಲಿ ಇಲ್ಲ ಎಂದು ಹೇಳಿ ಕಳಿಸಿದರು. ಆ ವಾರವೇ ಮನ್ಸೂರ್ ರಾಬಿಯಾರನ್ನು ಬಳ್ಳಿಗಾವಿಗೆ ಕರೆದುಕೊಂಡು ಹೋದರಂತೆ. ಅವರು ಅಲ್ಲಿ ಹೆಂಡತಿಗೆ ಒಂದೇ ಒಂದು ಇಸವಿ ಹೇಳಿದರು, ಅದೂ ತಪ್ಪು ಎಂದು ರಾಬಿಯಾ ಆಮೇಲೆ ರಜನಿಗೆ ಹೇಳಿ ನಕ್ಕರು.

ಆ ಎರಡು ಕೋಣೆಗಳನ್ನು ರಜನಿ ಈಗಲೂ ನಡೆಸುತ್ತಿದ್ದಾಳೆ. ಮನ್ಸೂರ್ ಈಗಲೂ ಅದೇ ನಿಲ್ದಾಣದಲ್ಲಿ, ಅದೇ ಕಂಬದ ಹತ್ತಿರ ನಿಂತು ಮಾಸೂರು, ರಟ್ಟೀಹಳ್ಳಿ, ಸೊರಬ, ಸಿರ್ಸಿ ಬಸ್ಸುಗಳಿಗೆ ಜನ ಕೂಗುತ್ತಾರೆ. ಹೊಸಬರು ಬಂದರೆ ಮೊದಲು ನೀರು ಕೊಡುತ್ತಾರೆ, ಎಲ್ಲಿಗೆ ಹೋಗಬೇಕೆಂದು ಕೇಳುತ್ತಾರೆ, ಆಮೇಲೆ ಚೀಲ ಹಿಡಿಯುತ್ತಾರೆ.